ಮುಕ್ಕು ಸಿಸ್ಟರ್

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಯಾರೂ ಕೆದಕುವುದು ಬೇಡ. ಮಾನ್ವಿಯ ಅರ್ಧ ಊರಿಗೆ ಹೆರಿಗೆ ಮಾಡಿಸಿದ ನನ್ನ ನರ್ಸ್ ತಾಯಿಯ ಬಾಯಿಗೆ ಬೀಗ ಹಾಕಿದ ಮಗ ನಾನೇ. ಅದೂ ಒಂದು ತಲೆದಿಂಬು, ಒಂದು ಬಿಳಿ ಟವೆಲ್ ಮತ್ತು ಆಕೆಯದೇ ದನಿ ಬಳಸಿಕೊಂಡು. ಈಗ ನಾನು ರಾಯಚೂರಿನ ಮದುವೆ ಆರ್ಕೆಸ್ಟ್ರಾಗಳಲ್ಲಿ ಹಾಡು ಹಾಡಿನ ನಡುವೆ ಮಿಮಿಕ್ರಿ ಮಾಡುತ್ತೇನೆ. ಸಂತೆಯ ಮೆಣಸಿನಕಾಯಿ ವ್ಯಾಪಾರಿಯಿಂದ ಹಿಡಿದು ಗೇರು ಬೀಳದೆ ನರಳುವ ದೇವದುರ್ಗದ ಬಸ್ಸಿನವರೆಗೆ ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಹುಡುಕಬೇಕು. ಮೊನ್ನೆ ಮದುವೆಯೊಂದರಲ್ಲಿ ವೇದಿಕೆಯ ಹಿಂದೆ ಕೂತು ಅಂಟಿಸಿಕೊಂಡ ಮೀಸೆ ಕೀಳುತ್ತಿದ್ದೆ. ಅಂಟು ಬಿಡಲು ಸ್ಪಿರಿಟ್ ಹಚ್ಚಬೇಕು, ಉರಿ ಆರಲು ಮೇಲೆ ಕೊಬ್ಬರಿ ಎಣ್ಣೆ ಸವರಬೇಕು. ಎರಡೂ ವಾಸನೆ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ಅಮ್ಮೆ ಡ್ಯೂಟಿ ಮುಗಿಸಿ ಬಂದಳೆಂದು ಹಿಂದೆ ತಿರುಗಿ ನೋಡಿದೆ. ಅರ್ಧ ಮೀಸೆಯಲ್ಲಿ.

ನೀವೂ ಅಂಥದೊಂದು ಮನೆಯನ್ನು ಕಳೆದುಕೊಂಡಿದ್ದರೆ ನಿಮಗೆ ಗೊತ್ತಿರುತ್ತದೆ, ಗೋಡೆಗಳು ಮೊದಲು ಮರೆತುಹೋಗುತ್ತವೆ, ವಾಸನೆ ಕಡೆತನಕ ಉಳಿಯುತ್ತದೆ. ಆಸ್ಪತ್ರೆಯ ಹಿಂದಿದ್ದ ನಮ್ಮ ಎರಡು ಕೋಣೆಯ ಕ್ವಾರ್ಟರ್ಸ್ ಈಗಿಲ್ಲ. ಆ ಜಾಗದಲ್ಲಿ ಮೋಟರ್ ಸೈಕಲ್ಲುಗಳು ಸಾಲಾಗಿ ನಿಲ್ಲುತ್ತವೆ. ಓಣಿಯೆಲ್ಲ ಶೇಂಗಾ ಎಣ್ಣೆಯ ಒಗ್ಗರಣೆಯಲ್ಲಿ ಸೀನುತ್ತಿದ್ದಾಗ ನಮ್ಮ ಮನೆ ಮಾತ್ರ ಕೊಬ್ಬರಿ ಎಣ್ಣೆಯಲ್ಲಿ ಹೊಳೆಮೀನು ಹುರಿಯುತ್ತಿತ್ತು. ಅಮ್ಮೆ ಕೊಟ್ಟಾಯಂ ಕಡೆಯವಳು. ಇಪ್ಪತ್ತೆರಡರ ವಯಸ್ಸಿಗೆ ಒಂದು ಟ್ರಂಕು ಹಿಡಿದು ರಾಯಚೂರು ಸ್ಟೇಷನ್ನಿನಲ್ಲಿ ಇಳಿದು ಬಸ್ಸಿನಲ್ಲಿ ದೇವದುರ್ಗ ಮುಟ್ಟುವ ಹೊತ್ತಿಗೆ ಆಕೆ ಕಲಿತಿದ್ದ ಕನ್ನಡ ‘ನೀರು’ ಒಂದೇ. ಅದನ್ನೂ ಬಿಸಿಲೇ ಕಲಿಸಿತ್ತು. ಏಲಿಯಮ್ಮ ಎಂಬ ಹೆಸರನ್ನು ಅಲ್ಲಿನ ಜನ ಮೂರೇ ದಿನದಲ್ಲಿ ಎಲ್ಲಮ್ಮ ಮಾಡಿಕೊಂಡರು. ಆಕೆ ತಿದ್ದಲು ಹೋಗಲಿಲ್ಲ. ಅಪ್ಪ ಹಿರೇಕೊಟ್ನೆಕಲ್ಲಿನ ಕುರಿ ಕಾಯುವ ಮನೆತನದಿಂದ ಮಾಸ್ತರನಾದ ಮೊದಲಿಗ. ನಾಯಿಯಿಂದ ಕಚ್ಚಿಸಿಕೊಂಡು ಹೊಟ್ಟೆಗೆ ಹದಿನಾಲ್ಕು ಸೂಜಿ ಹಾಕಿಸಿಕೊಳ್ಳಲು ಬಂದವನು, ಸೂಜಿ ಮುಗಿದ ಮೇಲೂ ಬರುವುದನ್ನು ಬಿಡಲಿಲ್ಲ. ಆ ನಾಯಿ ಇಲ್ಲದಿದ್ದರೆ ನಾನಿಲ್ಲ. ಮಾನ್ವಿಗೆ ವರ್ಗವಾಗಿ ಬಂದ ಮೇಲೆ, ನಾನು ಐದು ವರ್ಷದವನಿದ್ದಾಗ, ಅಪ್ಪ ಜ್ವರದಲ್ಲಿ ತೀರಿಕೊಂಡ. ಕೇರಳದಿಂದ ಬಂದ ಮಾವ, ಇನ್ನು ಊರಿಗೆ ನಡೆ ಎಂದು ಒತ್ತಾಯಿಸಿದಾಗ ಅಮ್ಮೆ, ಈ ತಿಂಗಳು ದಿನ ತುಂಬಿದವರು ಬಹಳ ಮಂದಿ ಇದ್ದಾರೆ, ಮುಂದಿನ ತಿಂಗಳು ನೋಡೋಣ ಎಂದಳಂತೆ. ಆ ಮುಂದಿನ ತಿಂಗಳು ಬರಲೇ ಇಲ್ಲ. ಊಟ ತರುವವರಿಲ್ಲದ ಬಾಣಂತಿಯರಿಗೆ ನಮ್ಮ ಒಲೆಯ ಮೇಲೆಯೇ ಗಂಜಿ ಕುದಿಯುತ್ತಿತ್ತು. ನಾನು ಉಣ್ಣುವ ತಾಟು ಎಷ್ಟೋ ಸಲ ವಾರ್ಡಿನಲ್ಲಿರುತ್ತಿತ್ತು. ಜೋಳದ ರೊಟ್ಟಿ ಮಾತ್ರ ಆಕೆಗೆ ಕಡೆಯವರೆಗೂ ಒಲಿಯಲಿಲ್ಲ. ಎಷ್ಟು ಬಡಿದರೂ ಅದು ಕೇರಳದ ನಕ್ಷೆಯಂತೆ ಉದ್ದಕ್ಕೇ ಬೆಳೆಯುತ್ತಿತ್ತು.

ಇನ್ನು ಆ ಒಂದು ಶಬ್ದ. ಹೆರಿಗೆಯ ಹೊತ್ತಿಗೆ ನಮ್ಮವರು ತಿಣುಕು ಎನ್ನುವುದಕ್ಕೆ ಮಲಯಾಳದಲ್ಲಿ ಮುಕ್ಕು ಎನ್ನುತ್ತಾರೆ. ನಮ್ಮಲ್ಲಿ ಮುಕ್ಕುವುದೆಂದರೆ ಬಾಯಿಗೆ ತುಂಬಿಕೊಂಡು ತಿನ್ನುವುದು. ಅದನ್ನು ಸಿಟ್ಟಿನಲ್ಲೋ ಸಲಿಗೆಯಲ್ಲೋ ಹೇಳುತ್ತೇವೆ. ದೇವದುರ್ಗದ ಮೊದಲ ವಾರದಲ್ಲೇ ಅಮ್ಮೆ ಹೆರಿಗೆ ಕೋಣೆಯೊಳಗಿಂದ “ಮುಕ್ಕು ಯವ್ವಾ, ಮುಕ್ಕು” ಎಂದು ಕೂಗಿದ್ದನ್ನು ಕೇಳಿ, ಬಾಗಿಲಲ್ಲಿದ್ದ ಅತ್ತೆ ಗಂಟು ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಹಿಡಿದು ಒಳಗೆ ನುಗ್ಗಿ, ಸಿಸ್ಟರು ಅಷ್ಟು ಹೇಳುತ್ತಿದ್ದರೂ ಉಣ್ಣಲು ನಿನಗೇನು ಧಾಡಿ ಎಂದು ನೋವು ತಿನ್ನುತ್ತಿದ್ದ ಸೊಸೆಯನ್ನೇ ಬೈದಳಂತೆ. ಅಮ್ಮೆ ಈ ಕಥೆಯನ್ನು ತಾನೇ ಹೇಳಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದಳು. ಅರ್ಥ ತಿಳಿದ ಮೇಲೂ ಶಬ್ದ ಬದಲಾಗಲಿಲ್ಲ. ಕೈಯಲ್ಲಿ ಕೂಸಿನ ತಲೆ ಸಿಕ್ಕ ಹೊತ್ತಿಗೆ ಕಲಿತ ಭಾಷೆ ಎಲ್ಲಿ ನೆನಪಾದೀತು? ವರ್ಷ ಕಳೆದಂತೆ ಸುತ್ತಿನ ಹಳ್ಳಿಗಳ ಹೆಂಗಸರಿಗೇ ಅದು ರೂಢಿಯಾಗಿ, ಮುಕ್ಕು ಎಂದರೆ ಇನ್ನೇನು ಮುಗಿಯಿತು, ಕೂಸು ಬಂತು ಎಂದು ಅರ್ಥವಾಯಿತು.

ಇಂಥ ಮಾಲು ಮನೆಯಲ್ಲೇ ಇರುವಾಗ ನಾನು ಸುಮ್ಮನಿರುವೆನೇ? ಎಂಟನೇ ಇಯತ್ತೆಯಲ್ಲಿದ್ದಾಗ ಶಾಲೆಯ ವಾರ್ಷಿಕ ಗ್ಯಾದರಿಂಗಿನಲ್ಲಿ ಗೆಳೆಯನ ಹೊಟ್ಟೆಗೆ ತಲೆದಿಂಬು ಕಟ್ಟಿ ಮೇಜಿನ ಮೇಲೆ ಮಲಗಿಸಿದೆ. ತಲೆಗೆ ಬಿಳಿ ಟವೆಲ್ ಸುತ್ತಿಕೊಂಡೆ. ಅಮ್ಮೆಯ ಮೂಗಿನಿಂದ ಏರಿ ಗಂಟಲಲ್ಲಿ ಮಡಚಿಕೊಳ್ಳುವ ಆ ದನಿಯನ್ನು ಕೂದಲೆಳೆ ತಪ್ಪದೆ ತೆಗೆದು ‘ಮುಕ್ಕು ಯವ್ವಾ’ ಎಂದೆ. ಜನ ಕುರ್ಚಿಯಿಂದ ಬೀಳುವುದೊಂದು ಬಾಕಿ. ಮೂರನೇ ಸಾಲಿನಲ್ಲಿ ಅಮ್ಮೆ ಕರವಸ್ತ್ರವನ್ನು ಬಾಯಿಗೆ ಒತ್ತಿಕೊಂಡಿದ್ದಳು. ನಗುತ್ತಿದ್ದಾಳೆ ಎಂದುಕೊಂಡೆ. ಇಡೀ ಊರಿನ ದನಿ ಕದಿಯುವವನಿಗೆ ತಾಯಿಯ ಮುಖ ಓದಲು ಬರಲಿಲ್ಲ.

ಮರುದಿನದಿಂದಲೇ ಹುಡುಗರು ಬೀದಿಯಲ್ಲಿ ಆಕೆಯ ಬೆನ್ನ ಹಿಂದೆ ‘ಮುಕ್ಕು ಸಿಸ್ಟರ್’ ಎಂದು ಕೂಗಿ ಓಡತೊಡಗಿದರು. ನನ್ನದೇ ಧಾಟಿಯಲ್ಲಿ, ಆದರೆ ಕೆಟ್ಟದಾಗಿ. ಅಮ್ಮೆ ನನ್ನನ್ನು ಬೈಯಲಿಲ್ಲ. ಒಂದು ನೋಟ್‌ಬುಕ್ ತಂದು ಮಲಯಾಳದ ಅಕ್ಷರದಲ್ಲಿ ಸರಿಯಾದ ಕನ್ನಡ ಬರೆದುಕೊಂಡು ಬಾಯಿಪಾಠ ಮಾಡಿದಳು. ಹೆರಿಗೆ ಕೋಣೆಯಲ್ಲಿ ಹೇಳಬೇಕಾದದ್ದನ್ನೆಲ್ಲ ಹಣಮವ್ವ ಆಯಾಳ ಬಾಯಿಂದ ಹೇಳಿಸತೊಡಗಿದಳು. ನನ್ನೊಡನೆ ಮಲಯಾಳದಲ್ಲಷ್ಟೇ ಮಾತು, ಅದೂ ಊಟ, ನೀರು, ನಿದ್ದೆಗೆ ಬೇಕಾದಷ್ಟು. ಒಂದು ದಿನ ಶಾಲೆಯಿಂದ ಬಂದಾಗ ಮಂಚದ ಕೆಳಗಿನ ಟ್ರಂಕು ಹೊರಬಂದು, ಮುಚ್ಚಳ ತೆರೆದುಕೊಂಡು ಕೂತಿತ್ತು. ಮೇಜಿನ ಮೇಲೆ ಮಾವನಿಗೆ ಬರೆದ ಕಾಗದ. ಏನು ಬರೆದಿದ್ದಾಳೆ ಎಂದು ಓದಲು ನನಗೆ ಆ ಅಕ್ಷರ ಬರುತ್ತಿರಲಿಲ್ಲ, ತೆರೆದ ಟ್ರಂಕೇ ಓದಿ ಹೇಳಿತು.

ಆ ಕಾಗದ ಅಂಚೆಗೆ ಹೋಗದಂತೆ ತಡೆದವಳು ಚೀಕಲಪರ್ವಿಯ ಬಸಮ್ಮ. ಮೊದಲಿನ ಎರಡೂ ಹೆರಿಗೆಯನ್ನು ಅಮ್ಮೆಯ ಕೈಯಲ್ಲೇ ಮಾಡಿಸಿಕೊಂಡಿದ್ದವಳು ಮೂರನೆಯದಕ್ಕೆ ಬಂದಿದ್ದಳು. ಹಣಮವ್ವ ಆಮೇಲೆ ಮನೆಗೇ ಬಂದು, ನನ್ನ ಕಿವಿ ಹಿಂಡುತ್ತಾ ನಡೆದದ್ದನ್ನೆಲ್ಲ ಹೇಳಿದಳು. ಬಸಮ್ಮನಿಗೆ ಹೆರಿಗೆ ಬ್ಯಾನಿ ಏರಿತ್ತು. ಅಮ್ಮೆ ತುಟಿ ಬಿಗಿದು ಕೆಲಸ ಮಾಡುತ್ತಿದ್ದಳು. ತಿಣುಕವ್ವಾ ತಿಣುಕು ಎಂದು ಕೂಗಿ ಕೂಗಿ ಆಯಾಳ ಗಂಟಲು ಬಿದ್ದಿತ್ತು. ಬಸಮ್ಮ ಮಂಚದ ಕಬ್ಬಿಣ ಹಿಡಿದು ತಲೆಯೆತ್ತಿ, “ಆಗವಲ್ದು ಸಿಸ್ಟರವ್ವಾ, ಯಾಕ ಸುಮ್ಮಕದಿ? ನೀ ಮುಕ್ಕು ಅನ್ನೋತನ ನಾ ಹಡ್ಯಂಗಿಲ್ಲ ನೋಡು” ಎಂದಳಂತೆ. ಆಗ ಅಮ್ಮೆ ಮುಕ್ಕು ಎಂದು ಕೂಗಿದ ಕೂಗು ವರಾಂಡ ದಾಟಿ, ಅಂಗಳ ದಾಟಿ, ಕ್ವಾರ್ಟರ್ಸಿನಲ್ಲಿ ಪುಸ್ತಕ ಹಿಡಿದು ಕೂತಿದ್ದ ನನ್ನವರೆಗೆ ಬಂತು. ಅದರ ಹಿಂದೆಯೇ ಒಂದು ಕೂಸಿನ ಅಳು. ಅಮ್ಮೆ ಮನೆಗೆ ಬಂದು ಕಾಗದ ಹರಿದು ಒಲೆಗೆ ಹಾಕಿ, ಟ್ರಂಕನ್ನು ಕಾಲಲ್ಲಿ ಒಳಗೆ ತಳ್ಳಿ, ಬಹಳ ದಿನಗಳ ಮೇಲೆ ನನ್ನನ್ನು ಕನ್ನಡದಲ್ಲಿ ಬೈದಳು. ಅಷ್ಟು ಹಿತವಾದ ಬೈಗುಳವನ್ನು ನಾನು ಮತ್ತೆ ಕೇಳಿಲ್ಲ.

ಎರಡು ವರ್ಷದ ಹಿಂದೆ ಅಮ್ಮೆ ಹೋದಳು. ಆಗ ಆಕೆಗೆ ರಾಯಚೂರಿಗೆ ವರ್ಗವಾಗಿತ್ತು, ವಯಸ್ಸು ಐವತ್ತು ದಾಟಿತ್ತಷ್ಟೆ. ಮಣ್ಣು ಮಾಡಿದ ಮೂರನೆಯ ದಿನದವರೆಗೂ ಮಾನ್ವಿ, ದೇವದುರ್ಗದ ಹೆಂಗಸರು ಬರುತ್ತಲೇ ಇದ್ದರು. ಒಬ್ಬ ಮುದುಕಿ ನನ್ನ ಗದ್ದ ಹಿಡಿದು, ಒಂದೇ ಒಂದು ಸಲ ಸಿಸ್ಟರ್ ದನಿ ತೆಗೆ, ಕೇಳಿ ಹೋಗುತ್ತೇನೆ ಎಂದಳು. ಬಾಯಿ ತೆರೆದೆ. ಬಸ್ಸು ಬಂದೀತು, ಊರೆಲ್ಲ ಬಂದೀತು, ಅಮ್ಮೆ ಮಾತ್ರ ಬರಲಿಲ್ಲ. ಆಗ ಬಸಮ್ಮ ಬಂದಳು. ಅವಳ ಹಿಂದೆ, ಅವತ್ತು ಹುಟ್ಟಿದ ಮಗಳು ರೊಟ್ಟಿಯ ಗಂಟು ಹಿಡಿದುಕೊಂಡಿದ್ದಳು. ಬಸಮ್ಮ ನನ್ನೆದುರು ಕುಕ್ಕರಗಾಲಲ್ಲಿ ಕೂತು, ರೊಟ್ಟಿ ಮುರಿದು ಪಲ್ಯ ಹಚ್ಚಿ ಬಾಯಿಯ ಹತ್ತಿರ ತಂದಳು. ಎರಡು ದಿನದಿಂದ ಏನೂ ತಿಂದಿರಲಿಲ್ಲ. “ಯಕ್ಕಾ, ಆಗವಲ್ದು” ಎಂದೆ. ಯಾರ ದನಿಯೂ ಅಲ್ಲ, ನನ್ನದೇ.

ಅವಳು ತುತ್ತು ಹಿಂದೆ ತೆಗೆಯಲಿಲ್ಲ.

“ಅವತ್ತು ನಾನೂ ಆಗವಲ್ದು ಅಂದಿದ್ನಿ, ತಮ್ಮಾ. ನಿಮ್ಮವ್ವ ಬಿಟ್ಟಳೇನು? ಮುಕ್ಕು.”