ಇಂಗಿನ ಡಬ್ಬಿ ಮತ್ತು ಮಾತಾಡುವ ಪೆಟ್ಟಿಗೆ

ಇವತ್ತು ಮುಂಜಾನೆ ಸಾರಿನ ಒಗ್ಗರಣೆಗೆ ಎಣ್ಣೆ ಇಟ್ಟು ಇಂಗಿನ ಡಬ್ಬಿಗೆ ಕೈ ಹಾಕಿದರೆ ಅಲ್ಲಿ ಡಬ್ಬಿಯೇ ಇಲ್ಲ. ಮೇಲಿನ ಕಪಾಟಿನ ಬಲಮೂಲೆ, ಹನ್ನೊಂದು ವರ್ಷದಿಂದ ಅದರ ಜಾಗ. ಕೈ ಬರೀ ಗಾಳಿ ಹಿಡಿದು ವಾಪಸು ಬಂತು. ಗ್ಯಾಸ್ ಸಣ್ಣ ಮಾಡಿ ನಿಂತೆ. ಆಗ ವಾಸನೆ ಬಂತು ನೋಡ್ರಿ. ಇಂಗು ಎಲ್ಲಿ ಕೂತರೂ ಸುಮ್ಮನೆ ಕೂಡುವ ಪೈಕಿ ಅಲ್ಲ. ಒಲೆಯ ಮಗ್ಗುಲಿಗೇ, ಕೈ ಎತ್ತುವ ಕೆಲಸವೇ ಇಲ್ಲದ ಹಾಗೆ ಕೂತಿತ್ತು. ಮುಚ್ಚಳದ ಮೇಲೆ ಹೆಬ್ಬೆರಳು ಆಡಿಸಿದೆ. ಅದೇ ಹಳೆಯ ತಗ್ಗು. ಡಬ್ಬಿ ಅದೇ, ಜಾಗ ಮಾತ್ರ ಬೇರೆ. ಯಾರ ಕೆಲಸ ಅಂತ ಗೊತ್ತಾಗಿ ನಾನೊಬ್ಬಳೇ ನಕ್ಕೆ.

ಇದರಲ್ಲಿ ನಗುವುದೇನಿದೆ ಅಂತೀರೇನು? ಹೇಳ್ತೀನಿ. ಹೇಳದೆ ಇರುವುದು ನನ್ನಿಂದಲೂ ಆಗುವುದಿಲ್ಲ, ನಿನ್ನೆಯಿಂದ ಹೊಟ್ಟೆಯಲ್ಲಿ ಹಿಡಿಸದಷ್ಟು ಖುಷಿ ತುಂಬಿದೆ. "ಅವ್ವಾ, ಬಸ್ಸಿನ್ಯಾಗ ಕಂಡವರಿಗೆಲ್ಲಾ ಹೇಳಕೋಂತ ಕೂಡಬ್ಯಾಡ" ಅಂದಿದ್ದಾಳೆ ಮಗಳು. ನೀವು ಬಸ್ಸಿನವರಲ್ಲವಲ್ಲ.

ಲಂಡನ್ನಿನ ಗ್ರೀನ್‌ಫರ್ಡಿನಲ್ಲಿ ಇದು ಮಗಳ ಮನೆ. ಮೊಮ್ಮಗಳು ಪಲ್ಲವಿ ವಾರವೆಲ್ಲ ಕ್ಯಾನರಿ ವಾರ್ಫಿನ ಆಫೀಸಿಗೆ ಹೋಗಿ ಬರುತ್ತಾಳೆ. ಶನಿವಾರ ಬಂತೆಂದರೆ ಊಟದ ಟೇಬಲ್ಲಿನ ಅರ್ಧ ಅವಳದು, ಉಳಿದರ್ಧದಲ್ಲಿ ನಾನು ಸೊಪ್ಪು ಸೋಸುತ್ತೇನೆ. ಅವಳು ಮಾಡುವುದು ಆಫೀಸಿನ ಕೆಲಸ ಅಲ್ಲ, ಯಾರೋ ಹಚ್ಚಿದ ಕೆಲಸವೂ ಅಲ್ಲ. ಲೋಕದ ಮೂಲೆ ಮೂಲೆಯ ಜನ ಕೂಡಿ ಬರೆಯುತ್ತಿರುವ, ಯಾರು ಬೇಕಾದರೂ ತೆರೆದು ಓದಬಹುದಾದ, ಕಂಪ್ಯೂಟರಿನ ಒಳತಿರುಳಂತೆ. ಕರ್ನಲ್ ಅಂತಾರೆ ಅದಕ್ಕೆ.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ಕೇಳುವುದಕ್ಕೆ ಯಾವ ಇಯತ್ತೆ ಬೇಕು? ಕೇಳಿದೆ.

"ಅಜ್ಜಿ, ಈಗ ಪ್ರಿಂಟರ್ ಐತಿ, ಕೀಬೋರ್ಡ್ ಐತಿ. ಹೊರಗಿಂದ ಹಚ್ಚೋ ಸಾಮಾನು. ಅವು ಮಾತಾಡೂದು ಕರ್ನಲ್‌ಗೆ ತಿಳಿಯೂದಿಲ್ಲ. ಒಂದೊಂದಕ್ಕೂ ನಡುವ ಒಬ್ರು ಬೇಕು. ದಟ್ಸ್ ದ ಡ್ರೈವರ್."

"ದುಭಾಷಿ ಅನ್ನು ಮತ್ತ!" ಅಂದೆ. ದುಭಾಷಿ ನನಗೆ ಗೊತ್ತು. ಮೊಳಕಾಲು ನೋವಿಗೆ ಇಲ್ಲಿನ ಜಿಪಿ ಡಾಕ್ಟರ ಹತ್ತಿರ ಹೋದಾಗ ಫೋನಿನಲ್ಲಿ ಒಬ್ಬಾಕೆಯನ್ನು ಕರೆಸಿದ್ದರು. ನಾನು ಹತ್ತು ಮಾತು ಹೇಳಿದರೆ ಆಕೆ ಎರಡರಲ್ಲಿ ಮುಗಿಸಿದಳು, ಡಾಕ್ಟರು ಗೋಣು ಹಾಕಿದರು. ಉಳಿದ ಎಂಟು ಮಾತು ಎಲ್ಲಿ ಹೋದವು ಅಂತ ನನಗೆ ಇವತ್ತಿಗೂ ಸಂಶಯ.

ಈ ದುಭಾಷಿಗಳೆಲ್ಲ ಕರ್ನಲ್ ಎಂಬ ಮನೆಯಲ್ಲಿ ಇರುತ್ತಾರೆ. ಸದ್ದು ಮಾಡುವ ಸಾಮಾನಿನವರಿಗೆ ಒಂದು ಖೋಲಿ, ಒತ್ತುವ ಸಾಮಾನಿನವರಿಗೆ ಒಂದು ಖೋಲಿ. ಇನ್ನೂ ತಿದ್ದಬೇಕಾದವರನ್ನು ಹೊರಗೆ ಕಟ್ಟೆಯ ಮೇಲೆ ಕೂರಿಸಿರುತ್ತಾರೆ. ಬಹಳ ವರ್ಷ ಕಟ್ಟೆಯಲ್ಲೇ ಉಳಿದರೆ ಒಂದು ದಿನ ಏಳಿಸಿ ಕಳಿಸಿಬಿಡುತ್ತಾರೆ. ಯಾರ ಖೋಲಿ ಯಾವುದು ಅಂತ ನೋಡಿ ಹೊಂದಿಸಿಡುವುದೇ ನಮ್ಮ ಪಲ್ಲವಿಯ ಶನಿವಾರದ ಹುಚ್ಚು.

ಟೇಬಲ್ಲಿನ ಮೇಲೆ ಒಂದು ಬೂದಿಬಣ್ಣದ ಪೆಟ್ಟಿಗೆ ತಂದಿಟ್ಟಿದ್ದಳು. ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ಹಳೆಯ ಪೆಟ್ಟಿಗೆ. ಥೇಟ್ ನೆಗಡಿಯಾದ ಮಾಸ್ತರರ ದನಿ ಅದಕ್ಕೆ. ಇಂಗ್ಲಿಷಿನಲ್ಲಿ ಅದೇನು ಹೇಳಿದರೂ ನಾನು "ಹೂಂ ಸರ" ಅನ್ನುತ್ತಿದ್ದೆ, ಪಲ್ಲವಿ ನಗುತ್ತಿದ್ದಳು. ಅದರ ಡ್ರೈವರ್ ವರ್ಷಾನುಗಟ್ಟಲೆ ಕಟ್ಟೆಯ ಮೇಲೇ ಇತ್ತು. ಈ ಸಲ ಒಳಗೆ ಸೇರದಿದ್ದರೆ ತೆಗೆದುಹಾಕುವುದು ಅಂತ ಠರಾವಾಗಿತ್ತು. ಹಾಗಾದರೆ ಮುಂದಿನ ಕರ್ನಲ್ ಬಂದ ದಿನ ಆ ಪೆಟ್ಟಿಗೆಗಳೆಲ್ಲ ಮೂಕ. ಎಲ್ಲಿಯೋ ಇರುವ ಒಬ್ಬ ಕಣ್ಣಿಲ್ಲದ ಮುದುಕ ಪತ್ರ ಬರೆದಿದ್ದನಂತೆ: ನಾನು ಇಪ್ಪತ್ತು ವರ್ಷದಿಂದ ಓದುತ್ತಿರುವುದು ಇದೊಂದೇ ದನಿಯಲ್ಲಿ, ದಯಮಾಡಿ ಉಳಿಸಿರಿ. ಪಲ್ಲವಿ ಆ ಪತ್ರ ಓದಿ ಹೇಳಿದ ದಿನ ನಾನು ಸೋಸಿದ ಸೊಪ್ಪನ್ನೇ ಮತ್ತೆ ಸೋಸಿದೆ.

ಮೂರು ಶನಿವಾರ ಕೂತು ಕೆಲಸ ಮುಗಿಸಿದಳು. ಡ್ರೈವರನ್ನು ಕಟ್ಟೆಯಿಂದ ಎತ್ತಿ ಅದರ ಖೋಲಿಗೆ ಇಟ್ಟಳು. ಎತ್ತುವಾಗಲೇ ಹಳೆಯ ಹೆಸರು ಬದಲಿಸಿದಳು, ಕಸ ತೆಗೆದಳು, ಸಾಲು ನೆಟ್ಟಗೆ ಮಾಡಿದಳು. ಎಲ್ಲ ಸೇರಿಸಿ ಒಂದೇ ಕಟ್ಟು ಮಾಡಿ ಕಳಿಸಿದಳು. ಇಂಥ ಕಟ್ಟಿಗೆ ಪ್ಯಾಚ್ ಅಂತಾರೆ. ಆ ಖೋಲಿಯ ಉಸ್ತುವಾರಿಗೆ ಬೇರೊಂದು ದೇಶದಲ್ಲಿ ಒಬ್ಬ ಹಿರಿಯನಿದ್ದಾನೆ. ಅವನು ಒಪ್ಪಿದರೆ ಮಾತ್ರ ಒಳಗೆ. ಅವನ ಉತ್ತರ ಮೂರೇ ಸಾಲು: ಜಾಗವೂ ಬದಲಾಗಿದೆ, ಒಳಗಿನದೂ ಬದಲಾಗಿದೆ. ನಾನು ಯಾವುದನ್ನು ಯಾವುದಕ್ಕೆ ಹೋಲಿಸಿ ನೋಡಲಿ? ಬೇರೆ ಬೇರೆ ಬಿಡಿಸಿ ಕಳಿಸಿರಿ, ಇಲ್ಲದಿದ್ದರೆ ತೆಗೆಯುವುದೇ.

"ಎಲ್ಲಾ ಕ್ಲೀನ್ ಮಾಡಿ ಕೊಟ್ಟೀನಿ ಅಜ್ಜಿ! ಇಷ್ಟು ಛಲೋ ಕಾಣತೈತಿ! ಹೀ ಡಿಡ್ ನಾಟ್ ಈವನ್ ಲುಕ್!" ಹುಡುಗಿಯ ಕಣ್ಣಲ್ಲಿ ನೀರು.

ನಾನು ಸಮಾಧಾನ ಮಾಡಬೇಕಿತ್ತು. ಮಾಡಲಿಲ್ಲ. ನನಗೆ ಸಾರು ನೆನಪಾಯಿತು.

ಧಾರವಾಡದ ಮನೆಗೆ ನಾನು ಸೊಸೆಯಾಗಿ ಹೋದ ಹೊಸತು. ನಮ್ಮ ಅತ್ತಿಯವರಿಗೆ ಆಗಲೇ ಕಣ್ಣು ಮಂಜು. ಆದರೆ ಅಡುಗೆ ಬಿಟ್ಟುಕೊಟ್ಟವರಲ್ಲ. ಉಪ್ಪಿಗೆ ಚಿನೀಮಣ್ಣಿನ ಭರಣಿ, ಅಡುಗೆ ಸೋಡಾಕ್ಕೆ ಚೌಕಾಕಾರದ ತಗಡಿನ ಡಬ್ಬಿ, ಇಂಗಿಗೆ ಮುಚ್ಚಳ ತಗ್ಗಾದ ಹಿತ್ತಾಳೆ ಡಬ್ಬಿ. ಬೆರಳು ಮುಟ್ಟಿದರೆ ಸಾಕು, ಎಲ್ಲ ಸಿಗುತ್ತಿತ್ತು. ಶಭಾಶ್ ಅನ್ನಿಸಿಕೊಳ್ಳುವ ಆಸೆ ನನಗೆ. ಅತ್ತಿ ಗುಡಿಗೆ ಹೋದ ಹೊತ್ತು ಇಡೀ ಕಪಾಟು ತೊಳೆದೆ. ತವರಿನಿಂದ ತಂದ ಹನ್ನೆರಡು ಸ್ಟೀಲ್ ಡಬ್ಬಿ, ಎಲ್ಲ ಒಂದೇ ಅಳತೆ, ಎಲ್ಲದರಲ್ಲೂ ಮುಖ ಕಾಣುವಷ್ಟು ಥಳಥಳ. ಸಾಮಾನೆಲ್ಲ ಅವಕ್ಕೆ ಸುರುವಿ, ನನಗೆ ತಿಳಿದ ಹೊಸ ಕ್ರಮದಲ್ಲಿ ಜೋಡಿಸಿದೆ. ದೂರ ನಿಂತು ನೋಡಿ ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವತ್ತೇ ಬೀಗರು ಊಟಕ್ಕೆ ಬಂದರು. ಅತ್ತಿ ಕುದಿಯುವ ಹುಣಸೆ ಸಾರಿಗೆ ಉಪ್ಪು ಅಂತ ಸೋಡಾ ಹಾಕಿದರು. ಸಾರು ಹಾಲಿನ ಹಾಗೆ ಉಕ್ಕಿ ಒಲೆಯೆಲ್ಲ ಆರಿಹೋಯಿತು. ಬೀಗರಾಕೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಅತ್ತಿ ಬೈಯಲಿಲ್ಲ. ಕಪಾಟಿನ ಮೇಲೆ ಎರಡೂ ಕೈ ಆಡಿಸುತ್ತ ನಿಂತರು, ಯಾರದೋ ಮನೆಗೆ ಬಂದವರ ಹಾಗೆ. ಆ ಕೈ ಇನ್ನೂ ನನ್ನ ಕಣ್ಣಿಗೆ ಕಟ್ಟಿದೆ.

ಬೀಗರು ಹೋದ ಮೇಲೆ ಕರೆದರು. "ನೋಡವಾ, ಜಾಗಾ ಬದಲಿಸು, ಬ್ಯಾಡ ಅನ್ನೂದಿಲ್ಲ. ಡಬ್ಬಿ ಬದಲಿಸು, ಅದಕೂ ಬ್ಯಾಡ ಅನ್ನೂದಿಲ್ಲ. ಎರಡೂ ಕೂಡೇ ಬದಲಿಸಿದ್ರ ನನ್ನ ಕೈ ಯಾರನ್ನ ಕೇಳಬೇಕು?"

ಮರುದಿನ ಹಳೆಯ ಡಬ್ಬಿಗಳನ್ನೇ ಹೊಸ ಜಾಗಕ್ಕೆ ಇಟ್ಟೆವು. ಕೈಗೆ ರೂಢಿಯಾಗುವ ತನಕ ಬಿಟ್ಟೆವು. ಆಮೇಲೆ ಒಂದೊಂದೇ ಹೊಸ ಡಬ್ಬಿ, ಪ್ರತಿಯೊಂದಕ್ಕೂ ದಾರ ಸುತ್ತಿ, ಗಂಟು ಬೇರೆ ಬೇರೆ. ಇಂಗಿನ ಡಬ್ಬಿಯನ್ನು ಮಾತ್ರ ಅತ್ತಿ ಕೊನೆಗೂ ಬಿಡಲಿಲ್ಲ. ಅದೇ ಡಬ್ಬಿ ನನ್ನ ಜೋಡಿ ಲಂಡನ್ನಿಗೆ ಬಂದದ್ದು.

ಪಲ್ಲವಿ ಕಣ್ಣು ಒರೆಸಿಕೊಂಡು ಕೇಳುತ್ತಿದ್ದವಳು, "ಸೋ ಆ ಹಿರಿಯ ನಿಮ್ಮ ಅತ್ತಿ. ನಾನು ಆಗಿನ ನೀನು" ಅಂದಳು.

"ಹೂಂ. ನನಗರ ನಾಲ್ಕನೇ ಇಯತ್ತೆ. ನಿನಗೇನಾಗಿತ್ತ?"

"ಅಜ್ಜೀ!" ಅಂತ ಮೆಂತ್ಯದ ದಂಟು ನನ್ನ ಮೇಲೆ ಒಗೆದಳು.

ಆದರೆ ಅವತ್ತೇ ಕೂತು ಬಿಡಿಸಿದಳು. ಮೊದಲ ಕಟ್ಟಿನಲ್ಲಿ ಸರಿಸಿದ್ದು ಅಷ್ಟೇ, ಒಳಗೆ ಒಂದು ಚುಕ್ಕಿಯೂ ಹೆಚ್ಚು ಕಡಿಮೆ ಇಲ್ಲ. ಆಮೇಲೆ ಸಣ್ಣ ಸಣ್ಣ ಕಟ್ಟು, ಒಂದೊಂದರಲ್ಲಿ ಒಂದೊಂದೇ ತಿದ್ದುಪಡಿ. ಹಿರಿಯನಿಂದ ಎರಡು ವಾರ ಸುದ್ದಿಯಿಲ್ಲ. ನಾನು ದಿನಾ ಸಂಜೆ ಅವಳು ಕೋಟು ತೆಗೆಯುವ ಮೊದಲೇ "ಬಂತೇನವಾ?" ಅನ್ನುವುದು, ಅವಳು ತಲೆ ಅಲ್ಲಾಡಿಸುವುದು.

ನಿನ್ನೆ ಬಂತು. ಒಪ್ಪಿದ್ದಾನೆ, ಎಲ್ಲವನ್ನೂ. ಕಟ್ಟೆಯ ಮೇಲಿದ್ದದ್ದು ಖೋಲಿಗೆ ಸೇರಿತು. ಪಲ್ಲವಿ ಹಿರಿಯನ ಪತ್ರವನ್ನು ಬೂದಿ ಪೆಟ್ಟಿಗೆಗೇ ಓದಲು ಹಚ್ಚಿದಳು. ನೆಗಡಿ ಮಾಸ್ತರರು ತಮ್ಮನ್ನು ಉಳಿಸಿದ ಸುದ್ದಿಯನ್ನು ತಾವೇ ಓದಿದರು, ದನಿಯಲ್ಲಿ ಎಳ್ಳಷ್ಟೂ ಸಂತೋಷ ತೋರಿಸದೆ. ನಾನು "ಹೂಂ ಸರ, ಹೂಂ ಸರ" ಅನ್ನುತ್ತ ಅತ್ತುಬಿಟ್ಟೆ. ಆ ಮುದುಕನಿಗೂ ಇದೇ ದನಿಯಲ್ಲಿ ಸುದ್ದಿ ಮುಟ್ಟಿರಬೇಕು.

ಇದೆಲ್ಲ ನೆನೆಯುತ್ತ ನಿಂತರೆ ಎಣ್ಣೆ ಕಾದಿತ್ತು. ನನ್ನ ಎಡಗಣ್ಣಿಗೂ ಈಗ ಪೊರೆ ಬಂದಿದೆ, ಆಸ್ಪತ್ರೆಯ ಸರದಿಗೆ ಕಾಯುತ್ತಿದ್ದೇನೆ. ಅದನ್ನು ಯಾರಿಗೂ ಕಾಣಿಸದ ಹಾಗೆ ಮುಚ್ಚಿಟ್ಟಿದ್ದೇನೆ ಅಂದುಕೊಂಡಿದ್ದೆ. ಕಪಾಟಿನಲ್ಲಿ ನಾನು ತಡಕಾಡುವುದನ್ನು ಯಾರೋ ನೋಡಿದ್ದಾರೆ.

ಪಲ್ಲವಿ ಬಾಗಿಲಲ್ಲಿ ಬೂಟು ಹಾಕಿಕೊಳ್ಳುತ್ತಿದ್ದಳು.

"ಡಬ್ಬಿ ಸಿಕ್ತಾ ಅಜ್ಜಿ?"

"ಸಿಕ್ತು."

"ಜಾಗಾ ಅಷ್ಟೇ ಬದಲ್ ಮಾಡೀನಿ. ಬೇರೆ ಏನೂ ಮುಟ್ಟಿಲ್ಲ. ಓಕೆನಾ?"

ಹಿರಿಯಳ ಗತ್ತಿನಲ್ಲಿ ಸ್ವಲ್ಪ ತಡೆದು, ಒಪ್ಪಿಗೆ ಕೊಟ್ಟೆ. ಚಿಟಿಕೆ ಇಂಗು ಎಣ್ಣೆಗೆ ಬಿದ್ದು ಚುರ್ ಅಂದಿತು. ಸಾರು ಉಕ್ಕಲಿಲ್ಲ.