ಟೇಪತ್ತೆಯ ಹತ್ತು ಸೆಂಟಿಮೀಟರ್ ಚೌಕ

ನಮ್ಮ ಸೋದರತ್ತೆಯ ಕೊರಳಲ್ಲಿ ಸದಾ ಅಳತೆಯ ಟೇಪು ನೇತಾಡುತ್ತಿರುತ್ತದೆ. ಅದಕ್ಕೇ ಮನೆಮಂದಿಗೆಲ್ಲ ಅವಳು ಟೇಪತ್ತೆ. ಹೊಲಿಗೆ ಅವಳ ಕಸುಬು, ಆದರೆ ಎಲ್ಲರಿಗೂ ಹೊಲಿಯುವುದಿಲ್ಲ. ಬೆನ್ನು ಬಾಗಿದವರು, ಒಂದು ಭುಜ ಮೇಲೆ ಒಂದು ಕೆಳಗೆ ಇರುವವರು, ದಿನವಿಡೀ ಗಾಲಿಕುರ್ಚಿಯಲ್ಲಿ ಕೂರುವವರು, ಹೀಗೆ ಅಂಗಡಿಯ ಸಿದ್ಧ ಉಡುಪು ಯಾರ ಮೈಗೆ ಕೂರುವುದಿಲ್ಲವೋ ಅವರೇ ಅವಳ ಗಿರಾಕಿಗಳು. "ಅಂಗಡಿಯವ್ರು ಗೊಂಬೆಗೆ ಹೊಲೀತಾರೆ, ನಾನು ಮನುಷ್ಯರಿಗೆ ಹೊಲೀತೀನಿ" ಎಂದು ಜಂಬ ಕೊಚ್ಚುತ್ತಾಳೆ. ಕೊಚ್ಚಲಿ, ಕೈಯಲ್ಲಿ ಕಸುಬಿದೆ.

ಅಡುಗೆಮನೆಗೆ ಅಂಟಿದ ಕಿರುಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜು, ಪಕ್ಕದಲ್ಲಿ ಕಂಪ್ಯೂಟರು, ಅದರ ಕೆಳಗೆ ಪ್ರಿಂಟರು. ಪ್ರತಿಯೊಬ್ಬರ ಅಳತೆ, ಬಟ್ಟೆ ಕತ್ತರಿಸುವ ನಕ್ಷೆ, ಅಂದರೆ ಪ್ಯಾಟರ್ನು, ಎಲ್ಲ ಕಂಪ್ಯೂಟರಿನಲ್ಲಿ. ಬೇಕಾದಾಗ ಪ್ರಿಂಟ್ ತೆಗೆದು, ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ, ಬಟ್ಟೆಯ ಮೇಲೆ ಹಾಸಿ ಕತ್ತರಿ ಹಾಕುತ್ತಿದ್ದಳು. ಕೆಲಸ ಮುಗಿದರೆ ಕಾಗದ ಕಸದ ಬುಟ್ಟಿಗೆ. ನೂರ ನಲವತ್ತು ಜನರ ಬೆನ್ನು, ತೋಳು ಆ ಕೋಣೆಯಲ್ಲಿ ಎಲ್ಲಿ ಹಿಡಿಸಬೇಕು?

ಮೂರು ವರ್ಷದ ಹಿಂದೆ ಒಂದು ಅಪ್‌ಡೇಟ್ ಆದಾಗ ಪ್ರಿಂಟರಿನ ಒಂದು ಸೆಟ್ಟಿಂಗ್ ತಾನಾಗಿ ಬದಲಾಯಿತು. ಪ್ರತಿ ಹಾಳೆಯೂ ಎರಡು ಮೂರು ಮಿಲಿಮೀಟರಿನಷ್ಟು ಕುಗ್ಗಿ ಅಚ್ಚಾಯಿತು. ಕಣ್ಣಿಗೆ ತಿಳಿಯುವಂಥದ್ದಲ್ಲ. ಆದರೆ ಹನ್ನೆರಡು ಹಾಳೆ ಅಂಟಿಸಿದಾಗ ಅದು ಎರಡು ಬೆರಳಿನಷ್ಟಾಗಿ, ಗ್ರಂಥಾಲಯದ ಮೇಡಂ ಅವರ ಕೋಟಿನ ಗುಂಡಿಯೇ ಹಾಕಲು ಬರಲಿಲ್ಲ. ಮೇಡಂಗೆ ಬೆನ್ನುಮೂಳೆ ಓರೆ, ಬಲ ಭುಜ ಎತ್ತರ. ಅವರು ಕೋಟು ವಾಪಸು ತಂದುಕೊಟ್ಟರು. ಅತ್ತೆ ನಾಚಿಕೆಯಿಂದ ಎರಡು ದಿನ ಊಟ ಬಿಟ್ಟಳು, ಮೂರನೆಯ ದಿನ ನನಗೆ ಫೋನ್ ಮಾಡಿದಳು. ಆ ಕಂಪ್ಯೂಟರನ್ನು ಆರಿಸಿಕೊಟ್ಟ ಪುಣ್ಯಾತ್ಮ ನಾನೇ.

"ಆ ಅಪ್‌ಡೇಟ್ ಅನ್ನೋ ಪೀಡೆ ಇನ್ನೊಂದ್ಸಲ ನನ್ನ ಮನೆಗೆ ಕಾಲಿಡಬಾರ್ದು!"

"ಅತ್ತೆ, ಆ ಸೆಟ್ಟಿಂಗ್ ಒಂದು ಸರಿಮಾಡಿದ್ರೆ ಮುಗೀತು."

"ಸರಿಯಾಗಿ ಕೂತಿರೋ ಬಟ್ಟೇನ ಯಾರಾದ್ರೂ ಬಿಚ್ಚಿ ಹೊಲೀತಾರೇನೋ?"

ಅವಳಿಗೆ ಕೋಪ ಮೂಗಿನ ತುದಿಯಲ್ಲಿ, ನನಗೆ ಕಿವಿ ಉಳಿದರೆ ಸಾಕಾಗಿತ್ತು. ಹೋಗಿ ಸೆಟ್ಟಿಂಗ್ ಸರಿಮಾಡಿ, ಅಪ್‌ಡೇಟ್ ಪೂರ್ತಿ ನಿಲ್ಲಿಸಿ ಬಂದೆ. ಅಪ್‌ಡೇಟ್ ಆದಮೇಲೆ ಹೇಗೆ ಪರೀಕ್ಷಿಸಬೇಕು ಎಂದು ಹತ್ತು ನಿಮಿಷ ಕೂತು ತೋರಿಸಬಹುದಿತ್ತು. ತೋರಿಸಲಿಲ್ಲ, ಅದು ನನ್ನ ತಪ್ಪೇ.

ಈ ವರ್ಷ ಒಂದು ಬೆಳಿಗ್ಗೆ, ಗುಂಡಿ ಮಾರುವವನ ಹೆಸರಿನಲ್ಲಿ ಅತ್ತೆಗೆ ಒಂದು ರಸೀದಿ ಇಮೇಲ್‌ನಲ್ಲಿ ಬಂತು. ತೆರೆದಳು. ಮಧ್ಯಾಹ್ನದ ಹೊತ್ತಿಗೆ ಪ್ಯಾಟರ್ನುಗಳಿಗೆಲ್ಲ ಅರ್ಥವಿಲ್ಲದ ಹೆಸರು, ಪರದೆಯ ತುಂಬ ಕೆಂಪು ಅಕ್ಷರ: ಹಣ ಕೊಟ್ಟರೆ ಬೀಗ ತೆಗೆಯುತ್ತೇವೆ. ಫೋನಿನಲ್ಲಿ ಅವಳು ಬೈಯಲಿಲ್ಲ. ನಾನು ಹೆದರಿದ್ದು ಅದಕ್ಕೇ.

"ಯಾರೂ ತೆರೀತಿಲ್ಲ ಕಣೋ" ಎಂದಳು. ಅವಳ ಪಾಲಿಗೆ ಅವು ಫೈಲುಗಳಲ್ಲ, ಜನ.

ರಿಪೇರಿಯವನು ಬಂದು ನೋಡಿ ತಲೆಯಾಡಿಸಿದ. "ಅವ್ರು ನುಗ್ಗಿರೋ ಕಿಂಡಿ ಮುಚ್ಚೋ ಅಪ್‌ಡೇಟ್ ಬಂದು ಒಂದು ವರ್ಷವಾಯ್ತು. ಇದನ್ನ ನಿಲ್ಲಿಸಿದ್ದು ಯಾರು?"

ನಾನು ನೆಲ ನೋಡುತ್ತಿದ್ದೆ. "ನಾನೇ" ಎಂದಳು ಅತ್ತೆ.

ಬೇರೆ ಪ್ರತಿ ಎಲ್ಲೂ ಇರಲಿಲ್ಲ. ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರುಮಾಡಬೇಕಾಯಿತು. ಈ ಸಲ ನಾನು ಪಕ್ಕದಲ್ಲೇ ಕೂತು ಎಲ್ಲ ತೋರಿಸಿದೆ. ತಿಂಗಳ ಮೊದಲ ಸೋಮವಾರ ಕತ್ತರಿಗೆ ರಜೆ. ಅಪ್‌ಡೇಟ್ ಆಗಲಿ, ಕಂಪ್ಯೂಟರು ಆರಿ ಮತ್ತೆ ಶುರುವಾಗಲಿ. ಆಮೇಲೆ ಹತ್ತು ಸೆಂಟಿಮೀಟರಿನ ಚೌಕವೊಂದನ್ನು ಪ್ರಿಂಟ್ ತೆಗೆದು ಟೇಪು ಹಿಡಿದು ನೋಡುವುದು. ಹತ್ತೇ ಇದ್ದರೆ ಮುಂದಿನ ಕೆಲಸ. ಪ್ಯಾಟರ್ನುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಆ ಡಿಸ್ಕು ಗುಂಡಿಡಬ್ಬಿಯಲ್ಲಿ. "ಇಷ್ಟೇನಾ?" ಎಂದು ಅತ್ತೆ ನನ್ನನ್ನು ದುರುಗುಟ್ಟಿ ನೋಡಿದಳು. ಇಷ್ಟೇ.

ಆದರೆ ಮೇಡಂಗೆ ಹತ್ತು ದಿನದಲ್ಲಿ ಹೊಸ ಕೋಟು ಬೇಕಿತ್ತು. ಗ್ರಂಥಾಲಯದ ಹೊಸ ಕಟ್ಟಡದ ವೇದಿಕೆಯಲ್ಲಿ ನಿಂತು ಮಾತಾಡಬೇಕು. ಗುಂಪಿನ ಫೋಟೋದಲ್ಲಿ ಕೂಡ ಹಿಂದಿನ ಸಾಲು ಹುಡುಕುವ ಹೆಂಗಸು, ಮೊದಲ ಸಲ ಒಪ್ಪಿಕೊಂಡಿದ್ದರು. ಹೋದ ವರ್ಷ ಹೊಲಿದುಕೊಟ್ಟ ಕೋಟನ್ನೇ ತನ್ನಿ, ಅದರಿಂದಲೇ ಪ್ಯಾಟರ್ನು ತೆಗೆಯುತ್ತೇನೆ ಎಂದು ಅತ್ತೆ ಹೇಳಿಕಳಿಸಿದಳು.

ಮೇಡಂ ತಂದರು. ಅತ್ತೆ ಕೋಟನ್ನು ಮೇಜಿನ ಮೇಲೆ ಒಳಮಗ್ಗುಲು ಮೇಲಾಗಿ ಹರಡಿದವಳು ಹಾಗೇ ನಿಂತುಬಿಟ್ಟಳು. ಬಲ ಕಂಕುಳ ಕೆಳಗೆ ಅವಳ ಹೊಲಿಗೆ ಬಿಚ್ಚಿತ್ತು, ಅಲ್ಲಿ ಯಾರೋ ದೊಡ್ಡ ದೊಡ್ಡ ಸೊಟ್ಟ ಹೊಲಿಗೆ ಹಾಕಿದ್ದರು.

"ಇದು ಯಾರ ಕೈ?"

"ನನ್ನದೇ" ಎಂದರು ಮೇಡಂ. "ಬೆನ್ನು ಇನ್ನಷ್ಟು ಬಾಗಿದೆ. ಎರಡು ವರ್ಷದಿಂದ, ನೀವು ಹೊಲಿದದ್ದನ್ನ ಮನೇಲಿ ಒಂಚೂರು ಬಿಚ್ಚಿಕೊಂಡು ಹಾಕ್ಕೋತೀನಿ."

"ನಂಗೊಂದು ಮಾತು ಹೇಳ್ಬಾರ್ದಿತ್ತಾ?"

"ಆ ಕೋಟು ವಾಪಸು ತಂದ ದಿನ ನಿಮ್ಮ ಮುಖ ನೋಡಿದ್ದೆ. ಇನ್ನೊಂದ್ಸಲ ನೋಡೋ ಧೈರ್ಯ ಬರಲಿಲ್ಲ."

ಅತ್ತೆ ಕೊರಳಿನ ಟೇಪನ್ನು ಕೈಗೆ ತೆಗೆದುಕೊಂಡಳು. "ಮೂರು ವರ್ಷ ಇದು ಕೊರಳಲ್ಲೇ ಇತ್ತು" ಎಂದಳು. "ಕಂಪ್ಯೂಟರಲ್ಲಿದೆಯಲ್ಲ ಅಂತ ಒಬ್ಬರ ಮೈಗೂ ಹಿಡೀಲಿಲ್ಲ."

ಆಮೇಲೆ ಮೂಗೊರೆಸಿಕೊಂಡು, ನನ್ನ ಕಡೆ ಪೆನ್ಸಿಲ್ ಎಸೆದು, ಮೇಡಂ ಹಿಂದೆ ಹೋಗಿ ನಿಂತಳು. "ಬರ್ಕೋ" ಎಂದಳು. "ಬಲ ಭುಜದಿಂದ ಶುರು."