ಕೊಡ ಬಾರಿಸುವಾತ

ಕರಜಗಿಯ ನಮ್ಮ ಭಜನಾ ಮೇಳದಲ್ಲಿ ಆತ ಮಣ್ಣಿನ ಕೊಡ ಬಾರಿಸುತ್ತಿದ್ದ. ಯಾರ ಮನೆಗೆ ಹೋದರೂ ನೀರಿನ ಕೊಡವನ್ನು ಬೆರಳಿನಿಂದ ತಟ್ಟಿ, "ದನಿ ಅದ" ಎನ್ನುತ್ತಿದ್ದ.

ಎಪ್ಪತ್ತರ ದಶಕದ ಕೊನೆಯ ಒಂದು ಬೇಸಿಗೆಯಲ್ಲಿ ನಾವು ನಾವೇ ಪಟ್ಟಿ ಎತ್ತಿ ಹಣ ಕೂಡಿಸಿ, ನಮ್ಮ ಮೊದಲ ಕ್ಯಾಸೆಟ್ ಮಾಡಲು ಸೊಲ್ಲಾಪುರಕ್ಕೆ ಹೊರಟೆವು. ಎಸ್‌ಟಿ ಬಸ್ಸಿನ ಕುಲುಕಾಟಕ್ಕೆ ಆತನ ಕೊಡ ಒಡೆಯಿತು. ಧ್ವನಿಮುದ್ರಣಕ್ಕೆ ಜಾಗ ಕೊಟ್ಟಿದ್ದ ಅರಿವೆ ವ್ಯಾಪಾರಿಯ ಮನೆಯಲ್ಲಿ ಆತ ಗೋಡೆಗೆ ಒರಗಿ ಕುಳಿತು, "ನನ್ನ ಬಿಟ್ಟು ಹಾಡ್ರಿ" ಎಂದ. ನಮಗೆ ಮನಸ್ಸಾಗಲಿಲ್ಲ.

ವ್ಯಾಪಾರಿಯ ಹೆಂಡತಿ ಕುಡಿಯುವ ನೀರು ತಂಪಾಗಿಡುವ ಮಣ್ಣಿನ ಕೊಡ ಬರಿದು ಮಾಡಿ, ಮಾಳಿಗೆಯ ಬಿಸಿಲಿಗೆ ಒಣಗಿಸಿ ತಂದರು.

"ನೋಡ್ರಿ ಕಾಕಾ, ಇದು ನಡೀತದೇನು?"

ಆತ ತಟ್ಟಿದ. "ದನಿ ಅದ, ಅವ್ವಾ."

ಎಲ್ಲ ಹಾಡಿಗೂ ಅದನ್ನೇ ಬಾರಿಸಿದ.

ಕ್ಯಾಸೆಟ್ ಕೈಗೆ ಬಂದಾಗ ಮೊದಲನೆಯದನ್ನು ಊರ ಗೌಡರಿಗೆ ಕೊಡೋಣ ಎಂದೆವು. ಆತ ಒಪ್ಪಲಿಲ್ಲ.

"ಮೊದ್ಲ ಸೊಲ್ಲಾಪುರದ ಅವ್ವಗ ಕೊಡ್ರಿ. ಅಂಥಾ ಬ್ಯಾಸಗ್ಯಾಗ ಆಕಿ ಮನಿಮಂದಿ ನಮ್ಮ ಸಲುವಾಗಿ ನಳದ ಬಿಸಿನೀರು ಕುಡದಾರ."